ನಾಲ್ಕನೇ ಜ್ವರ

“ಒಳಗವ್ನೆ ಕಣಮ್ಮ,” ಎಂದರು ಲಕ್ಷ್ಮೀಪತಿಯ ತಾಯಿ ಅಕ್ಕಯ್ಯಮ್ಮ, ಜಗಲಿ ಗುಡಿಸುತ್ತಾ. “ನಾಲ್ಕನೇ ಜ್ವರ. ಊಟ ಇಲ್ಲ, ಅಲುಗಾಟ ಇಲ್ಲ. ಮುಟ್ಟಂಗೂ ಇಲ್ಲ. ಇದೊಂದು ದಾಟಿದ್ರೆ ಉಳಿದಂಗೆ.”

ಜಗದಾಂಬಾ ಮೆಟ್ಟಿಲಲ್ಲೇ ಚಪ್ಪಲಿ ಕಳಚಿದಳು. ಅವಳ ತಮ್ಮನನ್ನು ಟೈಫಾಯಿಡ್ ಕೊಂಡೊಯ್ದಿದ್ದೂ ಹೀಗೇ, ಬಿಟ್ಟು ಬಿಟ್ಟು ಮರುಕಳಿಸಿದ ಜ್ವರದಲ್ಲಿ.

ರಾಜಾಜಿನಗರದಿಂದ ದಿನಾ ಬಸ್ಸು ಹತ್ತಿ ಬಂದು ಅವಳು ಕೆಂಗೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಸಂಜೆ ಬಸ್ ಸ್ಟಾಪಿನಲ್ಲಿ ಈ ಮನೆಯ ಮಗ ಲಕ್ಷ್ಮೀಪತಿ ಸೈಕಲ್ಲಿಗೆ ಒರಗಿ ನಿಂತಿರುತ್ತಿದ್ದ. ಬಸ್ಸು ಬರುವವರೆಗೆ ಮಾತು. ಹೊರಟ ಮೇಲೆ, ತಿರುವಿನವರೆಗೂ ಅವನ ನೋಟ. ಹೇಳಬೇಕಾದದ್ದನ್ನು ಮಾತ್ರ ಇಬ್ಬರೂ ಹೇಳಿರಲಿಲ್ಲ.

ಒಂದು ವಾರದಿಂದ ಅವನ ಸುಳಿವಿಲ್ಲ. ನಾಳೆ ಭಾನುವಾರ, ಹುಬ್ಬಳ್ಳಿಯಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅದಕ್ಕೇ ಶನಿವಾರದ ಬೆಳಗಿನ ಶಾಲೆ ಮುಗಿದದ್ದೇ ಮನೆ ಹುಡುಕಿಕೊಂಡು ಬಂದಿದ್ದಳು.

“ತಾಳಮ್ಮ, ಅಲ್ಲಿಗೆ ಹೋಗ್ಬ್ಯಾಡ!” ಎಂಬ ಕೂಗು ಕಿವಿಗೆ ಬೀಳುವಷ್ಟರಲ್ಲಿ ಅವಳು ಒಳಗಿದ್ದಳು.

ಕಿಟಕಿಗೆಲ್ಲ ಗೋಣಿತಾಟು. ನಸುಗತ್ತಲು. ಮೂಲೆಯ ಚಾಪೆಯ ಮೇಲೆ ಕಂಬಳಿ ಹೊದ್ದ ದೇಹ. ಬಗ್ಗಿ ಹಣೆ ಮುಟ್ಟಿದಳು. ತಣ್ಣಗಿತ್ತು. ಭುಜ ಹಿಡಿದು ಅಲುಗಿಸಿದಳು.

“ಏಳಿ... ನಿಮಗೆ ಕೈ ಮುಗೀತೀನಿ, ಏಳಿ. ನಾಳೆ ನನ್ನ ನೋಡೋಕೆ ಬರ್ತಾರೆ. ನಿಮ್ಮನ್ನ ಬಿಟ್ಟು ಯಾರನ್ನೂ ಆಗಲ್ಲ ನಾನು. ಕೇಳಿಸ್ತಿದೆಯಾ?”

ಕಂಬಳಿ ಸರಿಯಿತು. ನಿದ್ದೆಗಣ್ಣು ಪಿಳಿಪಿಳಿ ಬಿಟ್ಟು ಲಕ್ಷ್ಮೀಪತಿ ಎದ್ದು ಕೂತ.

“ಟೀಚರ್? ಇನ್ನೊಂದು ಸಲ ಹೇಳಿ, ಸರಿಯಾಗಿ ಕೇಳಿಸ್ಲಿಲ್ಲ.”

“ಜ್ವರ... ನಾಲ್ಕನೇ ಜ್ವರ ಅಂದ್ರು ನಿಮ್ಮಮ್ಮ...”

“ಅಯ್ಯೋ, ನನಗಲ್ಲ ರೀ. ರೇಷ್ಮೆ ಹುಳಕ್ಕೆ!” ನಗು ತಡೆಯುತ್ತಾ ಅವನು ಗೋಣಿತಾಟಿನ ತುದಿ ಎತ್ತಿದ. “ವಾರದಿಂದ ಹಗಲೂ ರಾತ್ರಿ ಸೊಪ್ಪು ಹಾಕಿ ಹಾಕಿ ಸುಸ್ತಾಗಿ ಬಿದ್ಕೊಂಡಿದ್ದೆ.”

ಬಿದಿರಿನ ತಟ್ಟೆಗಳ ತುಂಬ ಹುಳುಗಳು. ಒಂದೂ ಮಿಸುಕುತ್ತಿರಲಿಲ್ಲ. ಎಲ್ಲವೂ ತಲೆ ಎತ್ತಿ, ಏನನ್ನೋ ಆಲಿಸುವಂತೆ ನಿಂತಿದ್ದವು.

“ಇದು ಮೋಲ್ಟಿಂಗ್!” ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. “ಪೊರೆ ಕಳಚೋದು. ಏಡಿ, ಚೇಳು, ಸೀಗಡಿ, ಜಿರಳೆ ಎಲ್ಲಾ ಹೀಗೇ. ಮೊನ್ನೆ ತಾನೇ ಪಾಠ ಮಾಡಿದೀನಿ. ಇದಕ್ಯಾಕೆ ಜ್ವರ ಅಂತೀರ?”

“ಉಪವಾಸ ಬಿದ್ದು ಸುಮ್ನಿರ್ತಾವಲ್ಲ, ಅದಕ್ಕೆ.”

ಒಂದು ಹುಳುವಿನ ತಲೆಯ ಹಿಂದೆ ಚರ್ಮ ಬಿರಿದಿತ್ತು. ಅರ್ಧ ಹೊರಬಂದು ಸಿಕ್ಕಿಕೊಂಡಿತ್ತು.

“ಬಿಡಿಸಬಾರದಾ?”

“ಬೇಡ. ಹೊಸ ಮೈ ಇನ್ನೂ ಹಸಿ, ಮುಟ್ಟಿದ್ರೆ ಹರಿಯತ್ತೆ. ಕೆಲವು ಹೊರಗೆ ಬರಲಾರದೆ ಸಾಯ್ತಾವೆ.”

ಇಬ್ಬರೂ ತಟ್ಟೆಯ ಮೇಲೆ ಬಗ್ಗಿದರು. ಹುಳು ಒಮ್ಮೆ ಮುರುಟಿತು, ಮತ್ತೊಮ್ಮೆ. ಕೊನೆಗೆ ಸುಕ್ಕುಗಟ್ಟಿದ ಪೊರೆಯನ್ನು ಹಿಂದೆ ಬಿಟ್ಟು ತೆವಳಿತು.

ಅವನ ಮುಖದ ನಗು ಆರಿತ್ತು. “ನಾಳೆ ಬರ್ತಾರಂದ್ರಲ್ಲ, ನೀವು ಒಪ್ಪದಿದ್ರೆ ಮನೇಲಿ ಏನಂತಾರೆ?”

“ಅಪ್ಪನ ಎದುರು ಇಲ್ಲೀವರೆಗೂ ಇಲ್ಲ ಅಂದಿಲ್ಲ ನಾನು. ಭಯ ಆಗ್ತಿದೆ. ಜಾತಿ ಬೇರೆ, ಊರು ಬೇರೆ, ನಾವು ಹುಬ್ಬಳ್ಳಿ ಕಡೆಯವರು...”

“ನಂಗೂ ಭಯ.” ಅವನು ತಟ್ಟೆಗಳತ್ತ ನೋಡಿದ. “ಇವೆಲ್ಲ ಏಳೋವರೆಗೂ ಸೊಪ್ಪು ಹಾಕಂಗಿಲ್ಲ. ಈಗಲೇ ನಿಮ್ಮನೆಗೆ ಹೋಗೋಣ. ಇವತ್ತು ಬಿಟ್ರೆ ಆಗಲ್ಲ.”

“ಒಗ್ದಿರೋ ಶರ್ಟ್ ಹಾಕ್ಕೊಂಡ್ ಹೋಗ್ಲಾ,” ಎಂದಿತು ಬಾಗಿಲ ಕಡೆಯಿಂದ ದನಿ. ಅಕ್ಕಯ್ಯಮ್ಮ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದರೋ! ಜಗದಾಂಬಾ ತಲೆ ತಗ್ಗಿಸಿದಳು. “ಹುಳ ನಾನ್ ನೋಡ್ಕತೀನಿ. ನೀನು ಮೊದ್ಲು ಈ ಹುಡ್ಗಿನ ನೋಡ್ಕೊ.”

ರಾಜಾಜಿನಗರದಲ್ಲಿ ಬಸ್ಸಿಳಿದು ಇಬ್ಬರೂ ನಡೆದರು. ಮನೆ ಹತ್ತಿರವಾದಷ್ಟೂ ಅವಳ ಹೆಜ್ಜೆ ಚಿಕ್ಕದಾಯಿತು.

ಬಾಗಿಲು ತೆರೆದವರು ತಂದೆ ಶಂಭುಲಿಂಗಪ್ಪನವರೇ. “ಯಾರವ್ವಾ ಇವರು?”

ಅವಳು ಪಕ್ಕದಲ್ಲಿದ್ದ ಲಕ್ಷ್ಮೀಪತಿಯ ಕೈಯನ್ನು ಗಟ್ಟಿಯಾಗಿ ಹಿಡಿದಳು.

“ನಾ ಮದುವಿ ಆಗಬೇಕಂತ ಮಾಡಿದವ್ರು, ಅಪ್ಪಾ. ನಾಳೆ ಬರೋರಿಗೆ ಬ್ಯಾಡಂತ ಹೇಳ್ರಿ.”

ಶಂಭುಲಿಂಗಪ್ಪನವರು ಮಗಳನ್ನು ನೋಡಿದರು. ಬೆವತ ಹುಡುಗನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಾಗಿಲು ಪೂರ್ತಿ ತೆರೆದರು.

“ಇಬ್ಬರೂ ಇಷ್ಟ್ಯಾಕ ನಡಗಾಕತ್ತೀರಿ? ಒಳಗ ಬರ್ರಿ, ಕೂತು ಮಾತಾಡೂಣು.”