ಕತ್ತಲಲ್ಲಿ ಒಡೆದ ನೀರು

"ದೀಪ ಹಾಕಬೇಡಿ."

ಪ್ರಯೋಗಾಲಯದ ಕತ್ತಲೆಕೋಣೆಯ ಕಪ್ಪು ಪರದೆ ಸರಿಸಿ ಒಳಗೆ ಕಾಲಿಟ್ಟ ಚಿಗುಸಾ ಹಾಗೆಯೇ ನಿಂತುಬಿಟ್ಟಳು. ಹೊರಗೆ ನಗಾನೊದ ಹಿಮದ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಇಲ್ಲಿ ತನ್ನ ಕೈ ತನಗೇ ಕಾಣದಷ್ಟು ಕತ್ತಲೆ. ಆ ಕತ್ತಲೆಯಲ್ಲಿ ಯಾರೋ ಉಸಿರಾಡುತ್ತಿದ್ದರು. ಗಾಜಿನ ಪಾತ್ರೆಯಲ್ಲಿ ನೀರು ಕಲಕುವ ಅಯಸ್ಕಾಂತದ ಕಡ್ಡಿ ತಳಕ್ಕೆ ತಾಗಿ ಟಿಕ್ ಟಿಕ್ ಎನ್ನುತ್ತಿತ್ತು.

"ಯಾರು?"

"ಸೆಗಾವಾ. ಈ ವಾರ ಸೇರಿದವನು. ಹೆದರಿಸಬೇಕು ಅಂತಲ್ಲ... ಸೂರ್ಯದೀಪ ಆರಿಸಿ ಎಷ್ಟೋ ಹೊತ್ತಾಯ್ತು. ಇದು ಮಾತ್ರ ನಿಂತಿಲ್ಲ, ನೋಡಿ."

ಅವಳನ್ನು ಪರದೆಯ ಆಚೆಗೆ ಕರೆತಂದು ಅವನು ಅಳತೆಯಂತ್ರವನ್ನು ತೋರಿಸಿದ. ಎರಡು ಗೆರೆಗಳು ಏರುತ್ತಿದ್ದವು. ದೊಡ್ಡದು ಜಲಜನಕ, ಅದರ ಅರ್ಧದಷ್ಟು ಆಮ್ಲಜನಕ. ನೀರು ಒಡೆಯುತ್ತಿತ್ತು. ಬಿಸಿಲಿನ, ಇಲ್ಲವೇ ಬಿಸಿಲಿನಂಥ ಆ ದೀಪದ ಬಲವಿಲ್ಲದೆ ಒಡೆಯಬಾರದ ನೀರು, ಬೆಳ್ಳಿಹಾಳೆ ಸುತ್ತಿದ ಪಾತ್ರೆಯೊಳಗೆ, ಕತ್ತಲಲ್ಲಿ ತಾನಾಗಿ ಒಡೆಯುತ್ತಿತ್ತು.

"ನೀರಿಗೆ ಹಾಕಿದ್ದು ಯಾವ ಪುಡಿ?" ಎಂದು ಅವಳು ಕೇಳಿದಳು.

"ಕೆಂಪು. ತಾಮ್ರದ್ದು."

ಸಕುಮಾ ಮಾಡಿಟ್ಟ ಪುಡಿ!

ಇದೇ ಪ್ರಯೋಗಾಲಯದಲ್ಲಿ ಚಿಗುಸಾಳ ಜೊತೆ ಕೆಲಸ ಮಾಡುತ್ತಿದ್ದ, ಅವಳನ್ನು ಮದುವೆಯಾಗಬೇಕಿದ್ದವನು ಸಕುಮಾ. ಹಿಂದಿನ ಚಳಿಗಾಲದಲ್ಲಿ ಬೆಟ್ಟದ ಹಿಮ ಜಾರಿ ಅವನನ್ನು ಒಯ್ದಿತ್ತು. ತನ್ನ ಕೆಂಪು ಪುಡಿ ಬಿಸಿಲಿನಲ್ಲಿ ನೀರನ್ನು ಒಡೆಯುತ್ತದೆ, ಕತ್ತಲಲ್ಲಿ ಸುಮ್ಮನಿರುತ್ತದೆ ಎಂದು ಅವನು ತೋರಿಸಿಕೊಟ್ಟಿದ್ದ. ಅದನ್ನು ಟೈಟೇನಿಯಮ್ಮಿನ ಬಿಳಿ ಪುಡಿ, ಟಂಗ್‌ಸ್ಟನ್ನಿನ ಹಳದಿ ಪುಡಿಗಳ ಪಕ್ಕದಲ್ಲಿಟ್ಟು ಯಾವುದು ಮೇಲೆಂದು ಹೇಳುವುದು ಸೆಗಾವಾನ ಕೆಲಸ. ಸಕುಮಾ ಲೋಕದಲ್ಲಿ ಉಳಿಸಿಹೋದ ಹೆಸರು ಆ ಕೆಂಪು ಪುಡಿಯೊಂದೇ. ಆ ಹೆಸರನ್ನು ಕಾಯುತ್ತೇನೆಂದು ಚಿಗುಸಾ ಅವನ ಚಿತಾಭಸ್ಮ ಇಟ್ಟ ಸಮಾಧಿಯ ಮುಂದೆ ಮಾತು ಕೊಟ್ಟಿದ್ದಳು.

ಅಂದಿನಿಂದ ಅವಳು ದಿನವೂ ಆ ಕತ್ತಲೆಯಲ್ಲಿ ಕುಳಿತುಕೊಳ್ಳತೊಡಗಿದಳು.

ಸತ್ತವರಿಗೆ ಬೆಳಗ್ಗೆ ನೀರಿಟ್ಟು ಕೈಮುಗಿಯುವ ಮನೆಯಲ್ಲಿ ಬೆಳೆದವಳು ಅವಳು. ಅವರು ದೂರ ಹೋಗುವುದಿಲ್ಲವೆಂದು ಅಜ್ಜಿ ಹೇಳಿಕೊಟ್ಟಿದ್ದರು. ಟಿಕ್ ಟಿಕ್ ಸದ್ದು ಕೇಳಿದಾಗ ಸಕುಮಾನೇ ಅಲ್ಲಿದ್ದಾನೆನಿಸಿ ಭಯವಾಗುತ್ತಿತ್ತು. ಆದರೂ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ. ಸಕುಮಾ-ಸಾನ್, ನೀವೇನಾ... ಎಂದು ಮೆಲ್ಲಗೆ ಕೇಳುತ್ತಿದ್ದಳು. ಆಚೆ ಗೆರೆಗಳು ಏರುತ್ತಿದ್ದವು.

ಅವಳು ಹೊರಗೆ ಬಂದಾಗ ಸೆಗಾವಾ ಏನನ್ನೂ ಕೇಳುತ್ತಿರಲಿಲ್ಲ. ಉಪ್ಪಿನಲ್ಲಿ ಹಾಕಿದ ಹುಳಿಹಣ್ಣು ತುಂಬಿದ ಅನ್ನದ ಉಂಡೆಯೊಂದನ್ನು ಅವಳತ್ತ ಸರಿಸುತ್ತಿದ್ದ. ಒಮ್ಮೆ ಮಾತ್ರ, "ಸತ್ತ ಮೇಲೂ ಕೆಲಸ ಮಾಡ್ತಾರೆ ಅಂತ ಸೆನ್ಸೇಗೆ ಗೊತ್ತಾದ್ರೆ ನಮಗ್ಯಾರಿಗೂ ರಜೆ ಸಿಗಲ್ಲ, ಹೇಳಬೇಡಿ" ಎಂದು ಪ್ರಯೋಗಾಲಯದ ಮುಖ್ಯಸ್ಥರಾದ ಆ ಗುರುಗಳ ಕೋಣೆಯತ್ತ ಕಣ್ಣು ತೋರಿಸಿದ. ಅವಳು ನಕ್ಕಳು. ನಕ್ಕದ್ದಕ್ಕೆ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಇವನ ಹೆಜ್ಜೆಯ ಸದ್ದಿಗೆ ನನ್ನೆದೆ ಯಾಕೆ ಎಚ್ಚರಗೊಳ್ಳಬೇಕು?

ಒಂದು ಮಧ್ಯಾಹ್ನ ಪರದೆ ಸರಿಸಿದರೆ ಒಳಗೆ ಸದ್ದೇ ಇಲ್ಲ. ಪಾತ್ರೆಯೂ ಇಲ್ಲ. ಕೆಂಪು ಪುಡಿಯನ್ನು ಹೋಲಿಕೆಯಿಂದ ಬಿಟ್ಟಿರುವುದಾಗಿ ಸೆಗಾವಾ ತಿಳಿಸಿದ್ದಾನೆಂದು ಸೆನ್ಸೇ ಹೇಳಿದರು. ಉಳಿದವುಗಳಲ್ಲಿ ಮೇಲಾದ ಬಿಳಿ ಪುಡಿ ಅವನೇ ಮಾಡಿದ್ದು.

ಅವಳು ನೇರವಾಗಿ ಅವನ ಮೇಜಿನ ಮುಂದೆ ಹೋಗಿ ನಿಂತಳು.

"ಸತ್ತವರನ್ನ ಸಾಲಿನಿಂದ ತಳ್ಳಿ ನೀವು ಮುಂದೆ ನಿಂತ್ಕೊಂಡ್ರಿ. ಒಳ್ಳೇ ಗೆಲುವು, ಸೆಗಾವಾ-ಸಾನ್."

ಅವನ ಮುಖ ಬಿಳಿಚಿಕೊಂಡಿತು. ಅವನು ಕಪಾಟಿನಿಂದ ಕೆಂಪು ಪುಡಿಯ ಪಾತ್ರೆ ತೆಗೆದು, ಕತ್ತಲೆಕೋಣೆಯಲ್ಲಿ ಮೊದಲಿನಂತೆಯೇ ಜೋಡಿಸಿದ. ಟಿಕ್ ಟಿಕ್ ಶುರುವಾಯಿತು. ಗೆರೆಗಳು ಏರಿದವು. ಆಮೇಲೆ ಅವಳಿಗೆ ಹೇಳಿದ:

"ಕಲಕೋದನ್ನ ನಿಲ್ಲಿಸಿ ನೋಡಿ. ನಾನು ಮುಟ್ಟಲ್ಲ."

ಅವಳು ಗುಂಡಿ ಒತ್ತಿದಳು. ಸದ್ದು ನಿಂತಿತು. ಯಂತ್ರ ಮುಂದಿನ ಅಳತೆ ತೆಗೆಯುವವರೆಗೆ ಇಬ್ಬರೂ ಗೆರೆಗಳನ್ನೇ ನೋಡುತ್ತ ನಿಂತರು. ಗೆರೆ ಏರಲಿಲ್ಲ. ಮತ್ತೆ ಕಾದರು. ಏರಲಿಲ್ಲ.

ತಿರುಗುವ ಕಡ್ಡಿ ಪುಡಿಯನ್ನು ಗಾಜಿನ ತಳಕ್ಕೆ ಉಜ್ಜುತ್ತಿತ್ತು. ಆ ಉಜ್ಜಾಟವೇ ನೀರನ್ನು ಒಡೆಯುತ್ತಿತ್ತು. ಕೆಲವು ಲೋಹದ ಪುಡಿಗಳ ಗುಣವೇ ಹಾಗೆಂದು ಅವನು ತಗ್ಗಿದ ದನಿಯಲ್ಲಿ ತಿಳಿಸಿದ. ದೀಪ ಹಾಕಿ ಅಳೆದರೂ ಅಷ್ಟೇ ಬರುತ್ತಿತ್ತಂತೆ. ಬೆಳಕಿನ ಪಾಲು ಏನೂ ಇರಲಿಲ್ಲ.

ಚಿಗುಸಾಳಿಗೆ ಎಲ್ಲವೂ ತಿಳಿದುಹೋಯಿತು. ವಿದ್ಯುತ್ತನ್ನು ಪೋಲು ಮಾಡಬಾರದೆಂಬುದು ಆ ಪ್ರಯೋಗಾಲಯದ ಶಿಸ್ತು. ದೀಪ ಆರಿಸುವವರು ಮೇಜಿನ ಒಂದೇ ಗುಂಡಿಯಿಂದ ಎಲ್ಲವನ್ನೂ ಆರಿಸುತ್ತಿದ್ದರು. ಸಕುಮಾನ ಕತ್ತಲೆಯ ಪರೀಕ್ಷೆಯಲ್ಲಿ ಕಡ್ಡಿಯೂ ನಿಂತಿತ್ತು, ನೀರು ಒಡೆಯದಿರಲು ಅದೇ ಕಾರಣ. ಒಳ್ಳೆಯ ಅಭ್ಯಾಸವೇ ಅವನಿಗೆ ಸುಳ್ಳು ಹೇಳಿತ್ತು. ಹೊಸಬನಾದ ಸೆಗಾವಾ ದೀಪವೊಂದನ್ನೇ ಆರಿಸಿದ್ದ.

ಅವಳು ಗೋಡೆಗೊರಗಿ ಕುಳಿತಳು. ಹಿಮದಡಿಯಿಂದ ಸಕುಮಾನನ್ನು ಎತ್ತಿ ತಂದ ದಿನ ಅತ್ತಂತೆಯೇ ಅತ್ತಳು.

"ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಹೇಳಲಿಲ್ಲ..."

"ನೀವು ಒಳಗೆ ಅವರ ಜೊತೆ ಮಾತಾಡ್ತಿದ್ರಿ. ಅದು ಬರೀ ಕಡ್ಡಿಯ ಉಜ್ಜಾಟ ಅಂತ ನಾನೇ ಹೇಳಿದ್ರೆ ನೀವು ಮತ್ತೆ ನನ್ನ ಮುಖ ನೋಡ್ತಿರಲಿಲ್ಲ." ಅವನು ತಲೆ ತಗ್ಗಿಸಿದ. "ಅದನ್ನ ತಡ್ಕೊಳ್ಳೋ ಶಕ್ತಿ ನನಗಿರಲಿಲ್ಲ. ಪುಡಿನ ಬಿಟ್ಟುಬಿಟ್ರೆ ಅವರ ತಪ್ಪನ್ನ ಯಾರೂ ಕೇಳಲ್ಲ ಅಂದ್ಕೊಂಡೆ."

ಸಕುಮಾ ಬದುಕಿದ್ದರೆ ಏನು ಮಾಡುತ್ತಿದ್ದನೆಂದು ಅವಳಿಗೆ ಗೊತ್ತಿತ್ತು. ತಪ್ಪು ಕಂಡ ದಿನವೇ ಅದನ್ನು ಎಲ್ಲರೆದುರು ಹೇಳಿ, ತಲೆಬಾಗಿಸಿ, ನಗುತ್ತಿದ್ದ. ಹೆಸರು ಕಾಯುವುದೆಂದರೆ ಅದೇ. ತಾನು ಕಾದದ್ದು ಅವನ ಹೆಸರನ್ನಲ್ಲ, ತನ್ನ ಕತ್ತಲೆಯನ್ನು.

ಅವಳು ಎದ್ದು ಮುಖ ಒರೆಸಿಕೊಂಡಳು. ಕೆಂಪು ಪುಡಿಯನ್ನು ಹೋಲಿಕೆಯಲ್ಲಿ ಸೇರಿಸಬೇಕು, ಉಜ್ಜಾಟದ ವಿಷಯವನ್ನೂ ಬರೆಯಬೇಕು ಎಂದಳು. ಅವನು ತಲೆಯಾಡಿಸಿದ.

"ಭಾನುವಾರ ಅವರ ಸಮಾಧಿಗೆ ಹೋಗ್ತೀನಿ. ಇದನ್ನ ಅವರಿಗೆ ನಾನೇ ಹೇಳ್ಬೇಕು. ನೀವೂ ಬರ್ತೀರಾ?"

ಅವನು ತಡವರಿಸಿದ. "ಅಲ್ಲಿ... ನಾನು ಯಾರು ಅಂತ ಹೇಳ್ಕೊಳ್ಳಲಿ?"

"ನೀವು ಏನೂ ಹೇಳ್ಬೇಡಿ," ಎಂದಳು ಚಿಗುಸಾ. "ನೀವು ನನಗೆ ಯಾರು ಅಂತ ಅವರಿಗೆ ನಾನೇ ಹೇಳ್ತೀನಿ."