ಕಪ್ತಾನನ ಹೆಂಡತಿ ಕಟ್ಟಿಸಿದ ಮಹಡಿ

ಬಂದರಿನ ಎದುರಿನ ಕಲ್ಲುಮನೆಯ ಬಾಗಿಲು ತೆರೆದವನು ಅವಳ ಭುಜದಾಚೆ ಬೀದಿಯತ್ತ ಒಮ್ಮೆ ಇಣುಕಿದ.

“ನಿಮ್ಮ ಯಜಮಾನ್ರು ಹಿಂದೆ ಬರ್ತಿದ್ದಾರಾ?”

“ಯಜಮಾನ್ರಿಲ್ಲ. ಅಳತೆ ಟೇಪ್ ಇದೆ,” ಎಂದಳು ಅವಳು.

ತಪ್ಪು ಅವನದಲ್ಲ. ಅಲ್ಲಿಗೆ ಬಂದು ತಂಗುವವರು ಹೆಚ್ಚಾಗಿ ಹೊಸದಾಗಿ ಮದುವೆಯಾದವರೇ. ಮನೆಯನ್ನು ಅತಿಥಿಗೃಹವಾಗಿ ನಡೆಸುತ್ತಿದ್ದವರು ಅವನನ್ನು ಸಾಕಿದ ಸೋದರತ್ತೆ. ಅವನು ಹಗಲೆಲ್ಲ ದೋಣಿಗಳ ಎಂಜಿನ್ ರಿಪೇರಿ ಮಾಡಿ, ಸಂಜೆ ಅತಿಥಿಗಳ ಸೂಟ್‌ಕೇಸ್ ಹೊರುತ್ತಿದ್ದ. ಅವಳು ಪಾರಂಪರಿಕ ಕಟ್ಟಡಗಳ ಇಲಾಖೆಯವಳು. ಮನೆ ಆ ವರ್ಷ ಇಲಾಖೆಯ ರಕ್ಷಣೆಗೆ ಬಂದಿತ್ತು. ಬಾಗಿಲ ಪಕ್ಕ ಹಾಕುವ ಫಲಕಕ್ಕೆ ಅದರ ಇತಿಹಾಸ ಬರೆಯುವುದು ಅವಳ ಕೆಲಸ.

ಆ ಇತಿಹಾಸ ಊರಿಗೆಲ್ಲ ಬಾಯಿಪಾಠ. ಹಡಗಿನ ಕಪ್ತಾನನೊಬ್ಬ ಹೆಂಡತಿಗಾಗಿ ಮನೆ ಕಟ್ಟಿಸಿ ಸಮುದ್ರಕ್ಕೆ ಹೋದ, ತಿರುಗಿ ಬರಲಿಲ್ಲ. ಮಹಡಿಯ ಕಿಟಕಿಯಲ್ಲಿ ಕೂತು ಅವಳು ಸಾಯುವ ತನಕ ಕಾದಳು. ಜೋಡಿಗಳು ಅದೇ ಕಿಟಕಿಯಲ್ಲಿ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದವು.

ಅತ್ತೆ ಅವಳಿಗೊಂದು ಕೋಣೆ ಬಿಟ್ಟುಕೊಟ್ಟರು. ವಾರವಿಡೀ ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಮೆಕ್ಯಾನಿಕ್‌ನ ಕೈಯಲ್ಲಿ.

“ಇನ್ನೊಂದ್ಸಲ ಅಳೆಯೋಣ್ವಾ? ನಂಗೆ ಸರಿಯಾಗಿ ಕಾಣ್ಲಿಲ್ಲ,” ಎನ್ನುವನು.

“ನಟ್ಟು ಬೋಲ್ಟೆಲ್ಲ ಕಾಣುತ್ತೆ, ಇದು ಕಾಣಲ್ವಾ?”

“ನಟ್ಟು ಬೋಲ್ಟು ನನ್ನನ್ನ ಹೀಗೆ ದಿಟ್ಟಿಸಿ ನೋಡಲ್ಲ, ಮೇಡಂ.”

ಅವಳು ನಗುತ್ತಿರಲಿಲ್ಲ. ಆದರೆ ಸರಿಯಾಗಿಯೇ ಇದ್ದ ಗೋಡೆಯನ್ನು ಇನ್ನೊಮ್ಮೆ ಅಳೆಯುತ್ತಿದ್ದಳು.

ಕೆಳಗಿನ ಗೋಡೆಯ ಕಲ್ಲು ಕಪ್ಪು, ಮಹಡಿಯದು ಕೆಂಪು. ಅದು ಅವಳಿಗೆ ಮೊದಲ ದಿನವೇ ಕಂಡಿತ್ತು. ಕೊನೆಗೊಂದು ಬೆಳಿಗ್ಗೆ ಮೆಟ್ಟಿಲ ತಿರುವಿನಲ್ಲಿ ಸುಣ್ಣದ ಪದರ ಕೆರೆದಾಗ ಅಕ್ಷರಗಳು ಎದ್ದುಬಂದವು. ಕಪ್ತಾನನ ಹೆಂಡತಿಯ ಹೆಸರು, ಊರಿನ ಕಲ್ಲುಕುಟಿಗನೊಬ್ಬನ ಹೆಸರು, ‘ದಂಪತಿ ಸೇರಿ ಕಟ್ಟಿದ ಮಹಡಿ’ ಎಂಬ ಸಾಲು. ಪಕ್ಕದಲ್ಲಿದ್ದ ವರ್ಷ, ಹಡಗು ಮುಳುಗಿ ಎಷ್ಟೋ ಕಾಲವಾದ ಮೇಲಿನದು.

“ಕಪ್ತಾನನ ಹೆಂಡತಿ ಸಾಯೋವರೆಗೂ ಕಾಯ್ಲಿಲ್ಲ,” ಎಂದಳು ಅವನಿಗೆ. “ಇನ್ನೊಂದು ಮದುವೆ ಆದಳು. ಆ ಕಿಟಕಿನೂ ಅವರಿಬ್ಬರೇ ಕಟ್ಟಿದ್ದು.”

ಅವನು ಅಕ್ಷರಗಳ ಮೇಲೆ ಬೆರಳಾಡಿಸಿದ. “ಇದನ್ನ ಬರೀಲೇಬೇಕಾ?”

“ಬರೀಬೇಕು.”

“ಜನ ಇಲ್ಲಿಗೆ ಕಲ್ಲು ನೋಡೋಕೆ ಬರಲ್ಲ. ಕಾದವಳ ಕಥೆಗೆ ಬರ್ತಾರೆ. ಅತ್ತೆ ಹೊಟ್ಟೆಪಾಡು ಅದು.”

“ಅದಕ್ಕೋಸ್ಕರ ಸುಳ್ಳು ಬರೆಯೋಕಾಗಲ್ಲ.”

“ಉಂಡ ಮನೆ ಜಂತೆ ಎಣಿಸೋದು ಅಂತಾರಲ್ಲ, ಅದೇ ಇದು.”

“ಜಂತೆ ಎಣಿಸೋದೇ ನನ್ನ ಕೆಲಸ.”

ಅವನು ಟೇಪಿನ ತುದಿ ಬಿಟ್ಟುಬಿಟ್ಟ. ಅದು ಸರ್ರನೆ ಬಂದು ಅವಳ ಬೆರಳಿಗೆ ಹೊಡೆಯಿತು. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಟಳು. ಬೀಳ್ಕೊಡಲು ಅವನು ಬರಲಿಲ್ಲ.

ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಳು. ಮುಂದಿನ ಕಟ್ಟಡದಲ್ಲಿ ಎಂದಿನಂತೆ ಟೇಪನ್ನು ಮೊಳೆಗೆ ಸಿಕ್ಕಿಸಿ ಅಳೆದಳು. ಮೊಳೆ ಒಮ್ಮೆಯೂ ‘ಇನ್ನೊಂದ್ಸಲ ಅಳೆಯೋಣ್ವಾ’ ಅನ್ನಲಿಲ್ಲ. ಆ ವಾರದ ಕೆಲಸ ಬೇಗ ಮುಗಿಯಿತು. ಅದೇಕೋ ಅವಳಿಗೆ ಹಿಡಿಸಲಿಲ್ಲ.

ಫಲಕ ಹಾಕಿಸಲು ಬೇರೆಯವರನ್ನು ಕಳಿಸಬಹುದಿತ್ತು. ತಾನೇ ಹೋದಳು.

ಅತ್ತೆ ಬಾಗಿಲಲ್ಲೇ ಕೂತಿದ್ದರು. “ಬಾಮ್ಮ. ಮೊದಲು ನಿನ್ನ ಮೇಲೆ ಸಿಟ್ಟು ಬಂತು ನಂಗೆ. ಆಮೇಲೆ ಅನ್ನಿಸ್ತು, ಪಾಪ, ಆ ಕಪ್ತಾನನ ಹೆಂಡತಿ ಜೀವಮಾನ ಪೂರ್ತಿ ಅಳ್ತಾ ಕೂತಿರ್ಲಿಲ್ವಲ್ಲ ಅಂತ.”

“ಅತಿಥಿಗಳು?”

“ಸುದ್ದಿ ಹಬ್ಬಿದ್ಮೇಲೆ ಸ್ವಲ್ಪ ಕಮ್ಮಿ ಆಗಿದ್ದಾರೆ. ನೋಡೋಣ.”

ಮಹಡಿಯಿಂದ ಅವನ ದನಿ ಕೇಳಿಸಿತು. ಒಂದು ಜೋಡಿಗೆ ಹೇಳುತ್ತಿದ್ದ: “ಕಲ್ಲು ಹೊತ್ತವನು ಅವನು. ಎಲ್ಲಿಡಬೇಕು ಅಂತ ಹೇಳಿದವಳು ಅವಳು. ಈಗಿನ ಕಾಲದಲ್ಲೂ ಸಂಸಾರ ಹಾಗೇ ಅಲ್ವಾ?” ಜೋಡಿ ನಕ್ಕಿತು.

ಕೆಳಗಿಳಿದವನು ಅವಳನ್ನು ಕಂಡು ನಿಂತ. ದೋಣಿಯ ಕೆಲಸದಿಂದ ನೇರ ಬಂದಿದ್ದನೇನೋ, ಕೈಯೆಲ್ಲ ಎಣ್ಣೆ. ಅತ್ತೆ ಏನೋ ನೆನಪಾದವರಂತೆ ಎದ್ದು ಒಳಗೆ ಹೋದರು.

“ಅವತ್ತು ನಾನಂದಿದ್ದು ತಪ್ಪು,” ಎಂದ.

“ಹೌದು.”

“ನಿಮಗೇನೂ ಹೇಳೋದಿಲ್ವಾ?”

ಅವಳು ತಂದಿದ್ದ ಫಲಕದ ಸ್ಕ್ರೂಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. “ಈ ಊರಿನ ಆಫೀಸಿಗೆ ವರ್ಗ ಕೇಳಿದ್ದೆ. ನಿನ್ನೆ ಒಪ್ಪಿಗೆ ಬಂತು.”

“ಯಾವಾಗ ಕೇಳಿದ್ರಿ?”

“ಜಗಳ ಆಡಿದ ಮಾರನೇ ದಿನ.”

“ಅಷ್ಟು ಕೋಪದಲ್ಲಾ?”

“ಕೋಪ ಬೇರೆ. ಇದು ಬೇರೆ.”

ಅವನು ಕೈಯನ್ನು ಪ್ಯಾಂಟಿಗೆ ಒರೆಸತೊಡಗಿದ, ಮುಂದೆ, ಹಿಂದೆ, ಮತ್ತೆ ಮುಂದೆ. ಅದು ಪೂರ್ತಿ ಚೊಕ್ಕಟವಾಗುವ ಮೊದಲೇ ಅವಳು ಹಿಡಿದುಕೊಂಡಳು.