ಹದಿನೆಂಟನೆಯ ಪೈಲಟ್

ಸೀಟು ಇನ್ನೂ ಜೀವಂತವಾಗಿತ್ತು. ಅದರಲ್ಲಿ ಕೂತಿದ್ದವನು ಸತ್ತಿದ್ದ.

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಸುದ್ದಿ ಬಂತು. ತರಬೇತಿ ವಿಮಾನ ಉಪ್ಪಿನ ಬಯಲಿಗೆ ಬಿದ್ದಿದೆ... ಕ್ಯಾಪ್ಟನ್ ಲೆಯಾಂದ್ರೊ ತೊರ್ದೋಯಾ ಇಲ್ಲ. ಹನ್ನೊಂದಕ್ಕೆ ನಾನು ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು, ಅವನ ಮೊಣಕಾಲಿನ ಪಕ್ಕ ತಲೆ ತೂರಿಸಿ, ಸೀಟಿನ ಕೆಳಗೆ ಕೈಯಾಡಿಸುತ್ತಿದ್ದೆ.

ಅಲ್ಲಿ ಸಿಡಿಮದ್ದಿನ ಕೊಳವೆ ಇರುತ್ತದೆ. ಅಪಾಯ ಬಂದಾಗ ಹಿಡಿಕೆ ಎಳೆದರೆ ಅದು ಸಿಡಿದು ಪೈಲಟ್‌ನನ್ನು ಸೀಟಿನ ಸಮೇತ ಆಕಾಶಕ್ಕೆ ಎಸೆಯುತ್ತದೆ. ಲೆಯಾಂದ್ರೊ ಎಳೆದಿರಲಿಲ್ಲ. ವಿಮಾನ ಉಪ್ಪಿನ ಮೇಲೆ ಹೊಟ್ಟೆಯಲ್ಲಿ ಜಾರಿ ಎರಡು ತುಂಡಾಗಿತ್ತು. ಬೆಂಕಿ ಹತ್ತಿರಲಿಲ್ಲ. ಮದ್ದು ಹಾಗೇ ಇತ್ತು. ಒಂದು ತಂತಿ ತಪ್ಪಿ ಅಲುಗಿದರೆ ನನ್ನ ತಲೆ ನನ್ನ ಹೆಗಲ ಮೇಲೆ ಉಳಿಯುತ್ತಿರಲಿಲ್ಲ.

ನಡುಗುವ ಕೈಗೆ ಈ ಕೆಲಸ ಒಗ್ಗುವುದಿಲ್ಲ. ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದೆ.

ಇಗರ್ಜಿಯಲ್ಲಿ, ಜ್ಞಾನಸ್ನಾನದ ತೊಟ್ಟಿಯ ಮೇಲೆ ಅವನನ್ನು ಎತ್ತಿ ಹಿಡಿದ ಕೈ ಅದು.

ನಾನು ಫಿದೆನ್ಸಿಯೊ ಅಂಕಾಸಿ. ಅರವತ್ತೆಂಟು ವರ್ಷ. ನಲವತ್ತು ವರ್ಷ ವಾಯುಪಡೆಯಲ್ಲಿ ಸೀಟು ಮೆಕ್ಯಾನಿಕ್. ನಿವೃತ್ತನಾಗಿ ಜಪಸರ ಎಣಿಸುತ್ತಾ ಕೂತಿದ್ದೆ. ಪಂಪಾ ಬ್ಲಾಂಕಾ ನೆಲೆಯ ಮೂವರು ಮೆಕ್ಯಾನಿಕ್‌ಗಳು ಒಂದೇ ವರ್ಷದಲ್ಲಿ ಖಾಸಗಿ ವಿಮಾನ ಕಂಪನಿಗೆ ಹಾರಿದರು. ಸೀಟು ಬಿಚ್ಚಲು ಬಲ್ಲವರು ಯಾರೂ ಉಳಿಯಲಿಲ್ಲ. ನನ್ನನ್ನು ಮತ್ತೆ ಕರೆದರು. ಎಲ್ಲರೂ ನನ್ನನ್ನು ಮೇಸ್ತ್ರಿ ಎನ್ನುತ್ತಾರೆ. ಲೆಯಾಂದ್ರೊ ಮತ್ತು ಅವನ ಹೆಂಡತಿ ಮಾತ್ರ ದೊಡ್ಡಪ್ಪ ಎನ್ನುತ್ತಿದ್ದರು. ನಾನು ಅವನ ಧರ್ಮತಂದೆ.

ಮದ್ದು ಸಿಡಿಯದಂತೆ ತಡೆಯುವ ಮೊದಲ ಪಿನ್ನು ಹಾಕಿದೆ. ಎರಡನೆಯದು. ಮೂರನೆಯದು. ಸೀಟೂ ಸತ್ತಿತು.

ನನ್ನ ಕರವಸ್ತ್ರವನ್ನು ಅವನ ಮುಖಕ್ಕೆ ಹೊದಿಸಿದೆ. ಮುಖ ನೋಡಲಿಲ್ಲ. ಆಗ ಲಿವರು ಕಂಡಿತು.

ಕೇಳಿ. ಈ ವಿಮಾನದಲ್ಲಿ ಮುಂದೆ ಶಿಷ್ಯ, ಹಿಂದೆ ಗುರು. ಗುರುವಿನ ಎಡಗೈ ಬಳಿ ಪುಟ್ಟ ಲಿವರು. ಎರಡೇ ಸ್ಥಾನ. 'ಜೊತೆ'ಗೆ ಇಟ್ಟರೆ ಯಾರೇ ಹಿಡಿಕೆ ಎಳೆಯಲಿ, ಮೊದಲು ಹಿಂದಿನವನು, ಅರೆಕ್ಷಣ ಬಿಟ್ಟು ಮುಂದಿನವನು, ಇಬ್ಬರೂ ಹೊರಗೆ. 'ಬೇರೆ'ಗೆ ಇಟ್ಟರೆ ಅವರವರ ಜೀವ ಅವರವರ ಕೈಯಲ್ಲಿ. ಶಿಷ್ಯನೊಂದಿಗೆ ಹಾರುವಾಗ 'ಜೊತೆ'ಯಲ್ಲೇ ಇರಬೇಕು. ಅದು ನಿಯಮ.

ಲಿವರು 'ಬೇರೆ'ಯಲ್ಲಿತ್ತು.

"ಏನಿದೆ ಮೇಸ್ತ್ರಿ?"

ನೆಲೆಯ ಮುಖ್ಯಸ್ಥ ಕರ್ನಲ್ ಬಾಸ್ಕೊಪೆ ಐವತ್ತು ಹೆಜ್ಜೆ ದೂರ ನಿಂತು ಕೂಗಿದ. ಧೈರ್ಯವಂತ. ಆದರೆ ಐವತ್ತು ಹೆಜ್ಜೆ ಆಚೆಯಿಂದ.

"'ಬೇರೆ'ಯಲ್ಲಿದೆ ಸಾಹೇಬ್ರೆ."

ಅವನು ಆ ಮಾತಿಗೇ ಕಾಯುತ್ತಿದ್ದ. ಟೋಪಿ ತೆಗೆದ. ನಿಧಾನವಾಗಿ ಹತ್ತಿರ ಬಂದ.

"ಅಂದ್ಮೇಲೆ ತಪ್ಪು ತೊರ್ದೋಯಾದು. ಬೇಜಾರು ಮಾಡ್ಕೋಬೇಡಿ. ನಿಯಮ ನಿಮಗೂ ಗೊತ್ತು. ತನ್ನ ತಪ್ಪಿಂದ ಬಿದ್ದವನ ಪೆಟ್ಟಿಗೆ ಮೇಲೆ ಬಾವುಟ ಇಲ್ಲ. ಹಾಜರಿನೂ ಇಲ್ಲ. ನಾಲ್ಕು ಗಂಟೆಗೆ ರಾಜಧಾನಿಯಿಂದ ತನಿಖೆಯವರು ಬರ್ತಾರೆ. ಅಲ್ಲೀವರೆಗೆ ಹೆಣಾನೂ ಮುಟ್ಟಬೇಡಿ, ಸೀಟೂ ಮುಟ್ಟಬೇಡಿ."

ನಮ್ಮ ನೆಲೆಯ ಇಗರ್ಜಿಯಲ್ಲಿ ಸತ್ತ ಪೈಲಟ್‌ಗಳ ಹೆಸರನ್ನು ವರ್ಷಕ್ಕೊಮ್ಮೆ ಕೂಗುತ್ತಾರೆ. ಸಭೆ ಎದ್ದು ನಿಂತು 'ಹಾಜರ್' ಎನ್ನುತ್ತದೆ. ತಪ್ಪಿತಸ್ಥನ ಹೆಸರು ಕೂಗುವುದಿಲ್ಲ. ಅವನು ಹಾರಿಯೇ ಇರಲಿಲ್ಲ ಎಂಬಂತೆ.

ಲೆಯಾಂದ್ರೊ ಹದಿನಾಲ್ಕು ವರ್ಷ ಹಾರಿದ್ದ. ಅವನಿಗೂ ಕಂಪನಿಯ ಪತ್ರ ಬಂದಿತ್ತು. "ನಾನೂ ಹೋದ್ರೆ ಈ ಹುಡುಗರಿಗೆ ಕಲಿಸೋರ್ಯಾರು?" ಎಂದು ಉಳಿದ. ಮೇಜರ್ ಮಾಡುತ್ತೇವೆ ಎಂದರು. ಎರಡು ವರ್ಷದಿಂದ ಮಾಡುತ್ತಲೇ ಇದ್ದರು.

ಆ ಹೆಸರು ಅಳಿಯಲು ನಾನು ಬಿಡುವವನಲ್ಲ ಎಂದುಕೊಂಡೆ.

ಕರ್ನಲ್‌ನ ಅವಸರ ನನಗೆ ಗೊತ್ತಿತ್ತು. ಹಳೆಯ ಪೈಲಟ್‌ಗಳು ಸಾಲುಗಟ್ಟಿ ಕೆಲಸ ಬಿಡುತ್ತಿದ್ದರು. ಈ ವರ್ಷ ಹದಿನೆಂಟು ಹೊಸಬರನ್ನು ಕೊಡುತ್ತೇನೆಂದು ಅವನು ಮೇಲಿನವರಿಗೆ ಮಾತು ಕೊಟ್ಟಿದ್ದ. ಹದಿನೆಂಟಾದರೆ ಡಿಸೆಂಬರಿನಲ್ಲಿ ಜನರಲ್. ಹದಿನೇಳಾದರೆ ಮನೆಗೆ. ಹದಿನೆಂಟನೆಯವನ ಹೆಸರು ಗಾಸ್ತೊನ್ ಬಾಯಾ. ಇವತ್ತು ಮುಂದಿನ ಸೀಟಿನಲ್ಲಿದ್ದವನು. ಹಿಡಿಕೆ ಎಳೆದು ಹೊರಗೆ ಹಾರಿ ಬದುಕಿದವನು.

ಆಗ ಮೋಟರ್‌ಸೈಕಲ್ಲಿನ ಸದ್ದು ಕೇಳಿಸಿತು.

ನೆಲಿದಾ. ನೆಲೆಯ ಗೋಪುರದಲ್ಲಿ ಕೂತು ವಿಮಾನಗಳೊಂದಿಗೆ ಮಾತಾಡುವ ಸಾರ್ಜೆಂಟ್. ನನ್ನನ್ನು ವಿಮಾನದ ಮುರಿದ ರೆಕ್ಕೆಯ ಮರೆಗೆ ಎಳೆದಳು.

"ಅಳೋಕೆ ಟೈಮಿಲ್ಲ ಮೇಸ್ತ್ರಿ."

"ಅಳ್ತಿಲ್ಲ ಕಣಮ್ಮ. ಉಪ್ಪಿನ ಧೂಳು."

"ಹ್ಞೂಂ. ನಂಗೂ ಅದೇ ಧೂಳು." ಅವಳ ಕಣ್ಣು ಕೆಂಡದಂತಿತ್ತು. "ವಿಮಾನಕ್ಕೆ ಏನೂ ಆಗಿರ್ಲಿಲ್ಲ. ಒಂದು ಹಕ್ಕಿ ಬಡಿದು ಸದ್ದಾಯ್ತಂತೆ, ಆ ಹುಡುಗ ಬೆದರಿ ಎಳೆದುಬಿಟ್ಟ. ಆಮೇಲೂ ಕ್ಯಾಪ್ಟನ್ನು ನಾಲ್ಕು ನಿಮಿಷ ಹಾರಿಸಿದ್ರು. 'ನೆಲಿದಾ, ನಂಗೆ ಕಣ್ಣು ಕಾಣ್ತಿಲ್ಲ. ಸಂತೆ ಯಾವ ಕಡೆ?' ಅಂದ್ರು. ಇವತ್ತು ಸಂತೆ ದಿನ, ಊರೆಲ್ಲ ಅಲ್ಲೇ. ಎಡಕ್ಕೆ ಅಂದೆ. 'ಹಂಗಾದ್ರೆ ಬಲಕ್ಕೆ ತಿರುಗಿಸ್ತೀನಿ, ಸಾಕಾದಾಗ ಹೇಳು' ಅಂದ್ರು. ಹೇಳಿದೆ. ಸಂತೆ ದಾಟಿದ್ಮೇಲೆ ಜಿಗೀರಿ ಅಂದೆ. ಅಷ್ಟೊತ್ತಿಗೆ ತುಂಬ ಕೆಳಗಿದ್ರು."

"ಈ ಮಾತೆಲ್ಲ ರೆಕಾರ್ಡ್ ಆದ ಟೇಪು?"

"ಕರ್ನಲ್ ಜೇಬಲ್ಲಿದೆ."

ನಾನು ಉಪ್ಪಿನ ಮೇಲೆ ಕೂತೆ.

ಅವನಿಗೆ ಕಣ್ಣು ಏಕೆ ಕಾಣಲಿಲ್ಲ ಎಂದು ನನಗೆ ಗೊತ್ತಿತ್ತು. ಮುಂದಿನ ಸೀಟು ಹಾರುವಾಗ ಅದರ ಬೆಂಕಿ ಹಿಂದಕ್ಕೆ ರಾಚುತ್ತದೆ. ಅದಕ್ಕೇ 'ಜೊತೆ'ಯಲ್ಲಿ ಹಿಂದಿನವನನ್ನು ಮೊದಲು ಕಳಿಸುವುದು.

ಆಗಸ್ಟ್ ತಿಂಗಳ ಮಾತು ಹೇಳುತ್ತೇನೆ. ಇದೇ ವಿಮಾನ, ಇನ್ನೂ ನೆಲದ ಮೇಲಿತ್ತು. ಪಕ್ಕದ ವಿಮಾನದ ಎಂಜಿನ್ ಢಂ ಎಂದಿತು. ಗಾಸ್ತೊನ್ ಹಿಡಿಕೆ ಎಳೆದುಬಿಟ್ಟ. ನನ್ನ ಪಿನ್ನು ಇನ್ನೂ ತೆಗೆದಿರಲಿಲ್ಲ, ಹಾಗಾಗಿ ಒಳಗಿದ್ದ ಇಬ್ಬರೂ ಉಳಿದರು. ಪ್ರತಿ ಸೀಟಿಗೂ ಒಂದು ಕಾರ್ಡು ಇರುತ್ತದೆ. ಸೀಟಿನ ಬೆನ್ನಿಗೆ ಕಟ್ಟಿದ ಚರ್ಮದ ಚೀಲದಲ್ಲಿ ಅದರ ಜೊತೆಗೇ ಹೋಗುತ್ತದೆ. ನಡೆದದ್ದನ್ನು ಅದರಲ್ಲಿ ಬರೆದೆ: ಈತ ಹಾರಲು ತಕ್ಕವನಲ್ಲ. ಕರ್ನಲ್ ಕೆಳಗೆ 'ನೋಡಿದೆ' ಎಂದು ಸಹಿ ಹಾಕಿದ. ಅಷ್ಟೇ. ಮರುದಿನ ಗಾಸ್ತೊನ್ ಮತ್ತೆ ಹಾರಿದ.

ಭಾನುವಾರ ಇಗರ್ಜಿಯ ಮೆಟ್ಟಿಲ ಮೇಲೆ ಲೆಯಾಂದ್ರೊ ಕೇಳಿದ.

"ದೊಡ್ಡಪ್ಪ, ಇವನು ಮೇಲೆ ಬೆದರಿ ಎಳೆದ್ರೆ, ಒಳ್ಳೇ ವಿಮಾನದಿಂದ ನನ್ನನ್ನೂ ಎಸೀತಾನೆ. ಕೆಳಗೆ ಊರಿದ್ರೆ ಏನ್ಮಾಡ್ಲಿ?"

"ಲಿವರ್ನ 'ಬೇರೆ'ಗೆ ಹಾಕ್ಕೊಂಡು ಹಾರು."

"ಮುಂದಿನ ಸೀಟಿನ ಬೆಂಕಿ?"

"ಮಧ್ಯ ಗಾಜಿದೆ ಕಣೋ. ತಡೆಯುತ್ತೆ."

ತಡೆಯಲಿಲ್ಲ.

ನೆಲಿದಾ ನನ್ನ ಭುಜ ಹಿಡಿದು ಅಲುಗಿಸಿದಳು. "ಮೇಸ್ತ್ರಿ! ಬಯಲಲ್ಲಿ ಬಿದ್ದಿರೋ ಮುಂದಿನ ಸೀಟು ತರೋಕೆ ಕರ್ನಲ್ ಇಬ್ಬರು ಪೊಲೀಸರನ್ನ ಕಳಿಸಿದಾರೆ. ನಾಲ್ಕರೊಳಗೆ ಅದು ಮಾಯ ಆಗುತ್ತೆ."

ಅಂದರೆ ಕಾರ್ಡು ಮಾಯ. ಕರ್ನಲ್ ಸಹಿ ಮಾಯ.

"ಗಾಡಿ ಓಡಿಸ್ತೀಯಾ?"

"ಹಿಂದೆ ಕೂತು ಸಂತರನ್ನ ಕರೀತಾ ಇರಿ. ರಸ್ತೆ ನಾನು ನೋಡ್ಕೋತೀನಿ."

ಅಲ್ಲಿ ರಸ್ತೆಯೇ ಇರಲಿಲ್ಲ.

ಬಿಳಿ ಬಯಲು. ದೂರದಲ್ಲಿ ಮಿಲಿಟರಿ ಪೊಲೀಸರ ಜೀಪು, ಉಪ್ಪಿನ ಧೂಳೆಬ್ಬಿಸುತ್ತಾ. ನಾವು ಓರೆಯಾಗಿ ನುಗ್ಗಿದೆವು. ಅವರು ನೋಡಿದರು. ತಿರುಗಿದರು. ಗುಂಡಿನ ಸದ್ದು. ಗಾಳಿಗೆ ಹಾರಿಸಿದ್ದು... ಎರಡನೆಯದು ಗಾಳಿಗಲ್ಲ. ನಮ್ಮ ಹಿಂದಿನ ಚಕ್ರದ ಬಳಿ ಉಪ್ಪು ಚಿಮ್ಮಿತು.

"ಬಲಕ್ಕೆ ಹೋಗು. ಆ ಬೂದು ಬಣ್ಣದ ಕಡೆ."

"ಅಲ್ಲಿ ಉಪ್ಪಿನ ಕಣ್ಣುಗಳಿವೆ!"

"ಅದಕ್ಕೇ ಹೇಳಿದ್ದು."

ನಮ್ಮಪ್ಪ ಉಪ್ಪು ಕಡಿಯುತ್ತಿದ್ದವರು. ಬೂದು ಉಪ್ಪಿನ ಕೆಳಗೆ ನೀರಿರುತ್ತದೆ. ಮೋಟರ್‌ಸೈಕಲ್ಲಿನ ಭಾರ ತಡೆಯುತ್ತದೆ, ಜೀಪಿನದಲ್ಲ. ನಾವು ದಾಟಿದೆವು. ಹಿಂದೆ ಹಪ್ಪಳ ಮುರಿದ ಹಾಗೆ ಸದ್ದು. ಜೀಪು ಮೂತಿ ತಗ್ಗಿಸಿ ಕೂತುಬಿಟ್ಟಿತು. ಇಬ್ಬರೂ ಇಳಿದು ಓಡಿಬರತೊಡಗಿದರು.

ಸೀಟು ಮಗುಚಿ ಬಿದ್ದಿತ್ತು. ಇಪ್ಪತ್ತು ಹೆಜ್ಜೆ ಆಚೆ ಪ್ಯಾರಾಚೂಟ್ ಹೊದ್ದು ಗಾಸ್ತೊನ್ ಮಲಗಿದ್ದ. ಬೆನ್ನು ಮುರಿದಿತ್ತು. ಅವನನ್ನು ಎತ್ತಿಕೊಳ್ಳಲು ಇನ್ನೂ ಯಾರೂ ಬಂದಿರಲಿಲ್ಲ. ಹದಿನೆಂಟರ ಲೆಕ್ಕದಲ್ಲಿದ್ದವನು, ಬಿದ್ದಲ್ಲಿ ಯಾರ ಲೆಕ್ಕದಲ್ಲೂ ಇರಲಿಲ್ಲ.

"ಮೇಸ್ತ್ರಿ... ಕ್ಯಾಪ್ಟನ್?"

ಇಲ್ಲ ಎಂದು ತಲೆಯಾಡಿಸಿದೆ.

ಅವನನ್ನು ಹೊಡೆಯಬೇಕೆಂದೇ ಬಂದಿದ್ದೆ. ದೇವರಾಣೆ ಹೌದು.

"ನಾನು ಬಿಟ್ಟೋಗ್ತೀನಿ ಅಂತ ಮೂರು ಸಲ ಬರ್ಕೊಟ್ಟೆ ಮೇಸ್ತ್ರಿ. ನನ್ನಿಂದ ಆಗಲ್ಲ ಅಂದೆ. ಕರ್ನಲ್ ಹರಿದು ಹಾಕಿದ್ರು. 'ನೀನು ಹದಿನೆಂಟನೆಯವನು, ಹೋಗೋ ಹಂಗಿಲ್ಲ' ಅಂದ್ರು."

ಎತ್ತಿದ ಕೈಯಲ್ಲಿ ಅವನ ಹಣೆಯ ಉಪ್ಪು ಒರೆಸಿದೆ.

ಚರ್ಮದ ಚೀಲ ಕಿತ್ತೆ. ಕಾರ್ಡು ಒಳಗಿತ್ತು. ಅಷ್ಟರಲ್ಲಿ ಉದ್ದನೆಯ ಪೊಲೀಸಿನವನು ಏದುಸಿರು ಬಿಡುತ್ತಾ ಬಂದ. ಪಿಸ್ತೂಲು ನನ್ನ ಎದೆಗೆ.

"ಮುದುಕಪ್ಪ, ಕೊಡು ಅದನ್ನ."

ನಾನು ಸೀಟಿನ ಕೊಳವೆಯ ಮೇಲೆ ಅಂಗೈ ಇಟ್ಟೆ.

"ಬಾ, ತಗೋ. ಇದರಲ್ಲಿ ಇನ್ನೊಂದು ಮದ್ದಿದೆ. ಸಿಡಿದಿಲ್ಲ. ನನ್ನ ಕೈ ತೆಗೆದ್ರೆ ನೀನೂ ಕಮ್ಮಿ ಅಂದ್ರೆ ನೂರಡಿ ಮೇಲೆ ಹೋಗ್ತೀಯ. ಪ್ಯಾರಾಚೂಟ್ ತಂದಿದೀಯಾ?"

ಅವನು ನಿಂತ. ಅವನ ಜೊತೆಗಾರ ಆಗಲೇ ಹಿಂದಕ್ಕೆ ಸರಿದಿದ್ದ.

"ಸುಳ್ಳು," ಎಂದ ಉದ್ದನೆಯವನು. ದನಿ ಒಣಗಿತ್ತು.

"ಇರಬಹುದು. ನನಗೆ ಅರವತ್ತೆಂಟು. ನಿನಗೆಷ್ಟು?"

ಪಿಸ್ತೂಲು ಕೆಳಗಿಳಿಯಿತು. ಇಬ್ಬರೂ ಜೀಪಿನ ಕಡೆಗೆ ನಡೆದರು, ಮೆಲ್ಲಗೆ, ಉಪ್ಪಿಗೂ ಗೊತ್ತಾಗದ ಹಾಗೆ.

ಸುಳ್ಳೇ. ಆ ಸೀಟಿನಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಶನಿವಾರ ಪಾದ್ರಿಗಳ ಮುಂದೆ ಈ ಪಾಪವನ್ನು ನಿವೇದಿಸಿಕೊಂಡೆ. ನಕ್ಕರು.

ನೆಲಿದಾ ರೇಡಿಯೊದಲ್ಲಿ ಆಂಬುಲೆನ್ಸ್ ಕರೆದಳು. ಅದು ಬಂದ ಮೇಲೆ ನಾವು ಹಿಂತಿರುಗಿದೆವು.

ಮೂರೂವರೆ ಗಂಟೆ. ವಿಮಾನದ ಬಳಿ ಕರ್ನಲ್ ಒಬ್ಬನೇ ನಿಂತಿದ್ದ. ಕಾವಲಿನವರನ್ನು ದೂರ ಕಳಿಸಿದ್ದ.

"ಕಾರ್ಡು ಸಿಕ್ತು ಅಂತ ಕಾಣುತ್ತೆ."

"ಸಿಕ್ತು."

ಅವನು ಕೂಗಾಡಲಿಲ್ಲ. ಅದಕ್ಕೇ ನನಗೆ ಭಯವಾಯಿತು.

"ನಾವಿಬ್ರೂ ವಯಸ್ಸಾದೋರು ಮೇಸ್ತ್ರಿ. ಸುಮ್ನೆ ಯಾಕೆ ಜಗಳ? ಒಳಗೆ ಹೋಗಿ. ಹೆಬ್ಬೆರಳಲ್ಲಿ ಆ ಲಿವರ್ನ ಒಂದ್ಸಲ ತಳ್ಳಿ. 'ಜೊತೆ'ಗೆ. ಮುಗೀತು. ಆಗ ತಪ್ಪು ನಿಮ್ಮ ಹುಡುಗಂದಲ್ಲ, ಸೀಟಿಂದು. ಯಂತ್ರಕ್ಕೆ ಹೆಂಡತಿ ಮಕ್ಕಳಿಲ್ಲ. ಕಾರ್ಡು ನನಗೆ ಕೊಡಿ, ಟೇಪು ನಾನೇ ತನಿಖೆಯವರಿಗೆ ಕೇಳಿಸ್ತೀನಿ. ಸಂತೆ ಉಳಿಸಿದ ಮೇಜರ್ ತೊರ್ದೋಯಾ! ಶುಕ್ರವಾರ ಬಾವುಟ, ಬ್ಯಾಂಡು. ವರ್ಷಾವರ್ಷ ಹಾಜರಿ."

"ಗಾಸ್ತೊನ್?"

"ಪಾಸು. ಬೆನ್ನು ವಾಸಿ ಆದ್ಮೇಲೆ ಹಾರ್ತಾನೆ."

"ಅವನ ಹಿಂದೆ ಯಾರು ಕೂರ್ತಾರೆ?"

"ಯಾರೋ ಒಬ್ರು ಕೂರ್ತಾರೆ ಬಿಡಿ."

ನಾನು ಒಳಗೆ ಹೋದೆ.

ಲಿವರಿಗೆ ನಾನೇ ಎಣ್ಣೆ ಹಾಕಿದ್ದೆ. ಬೆರಳು ಸೋಕಿದರೆ ಸಾಕು. ಪಕ್ಕದಲ್ಲೇ ಲೆಯಾಂದ್ರೊನ ಕೈ ಇತ್ತು, ಮುಂದಿನ ಸೀಟಿನ ಬೆಂಕಿಗೆ ಕೈಗವಸು ಕರಗಿ ಚರ್ಮಕ್ಕೆ ಅಂಟಿತ್ತು. ನಾನು ಬೇಕೆಂದದ್ದೆಲ್ಲ ಒಂದು ಬೆರಳಿನಷ್ಟು ದೂರದಲ್ಲಿತ್ತು. ಹೆಬ್ಬೆರಳನ್ನು ಲಿವರಿನ ಮೇಲಿಟ್ಟೆ. ನಮೋ ಮರಿಯಾ ಎಂದು ಮೂರು ಸಲ ಹೇಳಿದೆ. ಮೂರನೆಯದರ ನಡುವೆ, ಗಾಸ್ತೊನ್ ಹಿಂದೆ ಕೂರಲಿದ್ದ ಆ 'ಯಾರೋ ಒಬ್ಬರು' ನೆನಪಾದರು. ಅವರಿಗೂ ಒಬ್ಬ ಧರ್ಮತಂದೆ ಇರುತ್ತಾನೆ.

ಬೆರಳು ತೆಗೆದೆ.

ನಾಲ್ಕಕ್ಕೆ ತನಿಖೆಯವರು ಬಂದರು. ಮೂವರು. ನಾನು ಅವರ ಮುಂದೆ ನೆಟ್ಟಗೆ ನಿಂತೆ.

"ಬರ್ಕೊಳ್ಳಿ. ಲಿವರ್ನ 'ಬೇರೆ'ಗೆ ಇಡು ಅಂದೋನು ನಾನು. ಬೆಂಕಿ ಗಾಜು ದಾಟಲ್ಲ ಅಂದೋನೂ ನಾನು. ಹಾಗೆ ಯಾಕಂದೆ ಅಂತ ಈ ಕಾರ್ಡಲ್ಲಿದೆ. ಇನ್ನು ಅವನ ಕೊನೇ ನಾಲ್ಕು ನಿಮಿಷ ಕರ್ನಲ್ ಸಾಹೇಬ್ರ ಜೇಬಲ್ಲಿದೆ."

"ದುಃಖದಲ್ಲಿ ಮುದುಕನಿಗೆ ತಲೆ ಕೆಟ್ಟಿದೆ," ಎಂದ ಬಾಸ್ಕೊಪೆ.

"ಕೆಟ್ಟಿದೆ ಸಾಹೇಬ್ರೆ. ಆದ್ರೆ ನಿಮ್ಮ ಸಹಿ ಮಾತ್ರ ನೆಟ್ಟಗಿದೆ."

ಆ ವರ್ಷ ಹದಿನೇಳು ಮಂದಿ ಪಾಸಾದರು. ಕರ್ನಲ್ ಮನೆಗೆ ಹೋದ. ನಾನು ಇನ್ನು ಯಾವ ಸೀಟನ್ನೂ ಮುಟ್ಟಬಾರದೆಂದು ಬರೆದರು. ಹಗುರವಾದ ಶಿಕ್ಷೆ. ನ್ಯಾಯವಾಗಿ ಇನ್ನೂ ಹೆಚ್ಚು ಬರಬೇಕಿತ್ತು.

ತನಿಖೆಯ ವರದಿಯಲ್ಲಿ ಲೆಯಾಂದ್ರೊನ ಬಗ್ಗೆ ಎರಡು ಸಾಲು. ಸಾಹಸ ಮೆರೆದರು. ನಿಯಮ ಮುರಿದರು.

ಎರಡನೆಯ ಸಾಲು ಗೆದ್ದಿತು. ಬಾವುಟ ಇಲ್ಲ. ಹಾಜರಿ ಇಲ್ಲ. ಅವನನ್ನು ಊರ ಸ್ಮಶಾನದಲ್ಲಿ, ಉಪ್ಪು ಕಡಿಯುವವರ ಪಕ್ಕದಲ್ಲಿ ಮಣ್ಣು ಮಾಡಿದೆವು. ಕರ್ನಲ್ ಮುಂದಿಟ್ಟ ಮಾತನ್ನು ಅವನ ಹೆಂಡತಿ ಸೊಲೆದಾದ್‌ಗೆ ನಾನೇ ಹೇಳಿದ್ದೆ. ಅಂದು ಅವಳು ಒಂದೇ ಮಾತು ಕೇಳಿದಳು.

"ಒಂದು ಬೆರಳು ದೊಡ್ಡಪ್ಪ. ಒಂದೇ ಒಂದು ಬೆರಳು ಆಡಿಸೋಕೆ ಆಗ್ಲಿಲ್ವಾ ನಿಮ್ಮ ಕೈಲಿ?"

ನನ್ನಲ್ಲಿ ಉತ್ತರವಿತ್ತು. ಆ ಮುಖಕ್ಕೆ ಹೇಳುವಂಥದ್ದಲ್ಲ.

ವರ್ಷ ತುಂಬಿ, ಮೃತರ ಹಬ್ಬ ಬಂತು. ನೆಲೆಯ ಇಗರ್ಜಿ ತುಂಬಿತ್ತು. ಪಾದ್ರಿಗಳು ಪಟ್ಟಿ ಓದಿದರು. ಒಂದೊಂದು ಹೆಸರಿಗೂ ಸಭೆ 'ಹಾಜರ್' ಎಂದಿತು. ಪಟ್ಟಿ ಮುಗಿಯಿತು. ಪುಸ್ತಕ ಮುಚ್ಚಿದರು.

ಹಿಂದಿನ ಬೆಂಚಿನಲ್ಲಿ ಕೋಲೂರಿಕೊಂಡು ಒಬ್ಬ ಎದ್ದ. ಮೈಮೇಲೆ ಸಮವಸ್ತ್ರವಿಲ್ಲ, ಬೆನ್ನಿಗೆ ಪಟ್ಟಿ. ಗಾಸ್ತೊನ್.

"ಕ್ಯಾಪ್ಟನ್ ಲೆಯಾಂದ್ರೊ ತೊರ್ದೋಯಾ," ಎಂದ.

ಮುಂದಿನ ಸಾಲಿನಲ್ಲಿ ಕರಿಯ ಶಾಲಿನ ಹೆಂಗಸೊಬ್ಬಳು ನಿಧಾನವಾಗಿ ಎದ್ದು ನಿಂತಳು.

"ಹಾಜರ್," ಎಂದಳು ಸೊಲೆದಾದ್.

ಆಮೇಲೆ ನೆಲಿದಾ. ಆಮೇಲೆ ನಾನು. ಮೂರೇ ದನಿ. ನಿಯಮದ ಪ್ರಕಾರ ಅದು ಹಾಜರಿಯಲ್ಲ.

ನಾನು ಮಂಡಿಯೂರಿದೆ.

ಪ್ರಭುವೇ, ನಿನ್ನ ಸೇವಕ ಲೆಯಾಂದ್ರೊನಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು. ನಿತ್ಯ ಬೆಳಕು ಅವನ ಮೇಲೆ ಬೆಳಗಲಿ. ಅವನ ಆತ್ಮ ಶಾಂತಿಯಲ್ಲಿರಲಿ. ನನಗಾಗಿ ಏನೂ ಕೇಳುತ್ತಿಲ್ಲ... ನನ್ನ ವಿಚಾರಣೆಗೆ ನಾನೇ ಬರುತ್ತೇನೆ, ಆಳು ಕಳಿಸಬೇಡ. ಆಮೆನ್.